ಕಪ್ಪು ಪರದೆಯಲ್ಲಿ ಕಾಪಿ

ವರ್ಷಗಟ್ಟಲೆ ವಿಂಡೋಸ್‌ನಲ್ಲೇ ಪಳಗಿದ ಹಿರಿಯ ಪ್ರೋಗ್ರಾಮರ್‌ಗೆ ಹೊಸ ಆಫೀಸಿನಲ್ಲಿ ಸಿಕ್ಕಿದ್ದು ಲಿನಕ್ಸ್ ಕಂಪ್ಯೂಟರು. ಕೋಡ್ ಬರೆಯಲು ಯಾವ ಎಡಿಟರ್ ಹಾಕಿಕೊಳ್ಳುವುದೆಂಬ ಮಾತು ಬಂದಾಗ ಪಕ್ಕದ ಸೀಟಿನವಳು ಒಂದನ್ನು ತೋರಿಸಿ, "ಸರ್, ಹೊಸಬರಿಗೆ ಇದು ಸುಲಭ. ಮೆನು, ಬಟನ್ನು ಎಲ್ಲಾ ನಿಮಗೆ ಗೊತ್ತಿರೋ ಹಾಗೇ ಇರುತ್ತೆ" ಎಂದಳು.

ಹೊಸಬರಂತೆ! ಅವನಿಗೆ ಮೈಯೆಲ್ಲ ಉರಿಯಿತು. "ಅದೆಲ್ಲ ಮಕ್ಕಳಾಟ ಕಣಮ್ಮಾ, ನನಗೆ ಟರ್ಮಿನಲ್ಲೇ ಸಾಕು" ಎಂದು ಇಲ್ಲದ ಮೀಸೆ ತಿರುವುವ ಧಾಟಿಯಲ್ಲಿ ಹೇಳಿ, ಬರೀ ಅಕ್ಷರಗಳ ಆ ಕಪ್ಪು ಪರದೆಯನ್ನೇ ಆರಿಸಿಕೊಂಡ.

ಗ್ರಾಹಕರು ಬಂದ ದಿನ, ಅವರಿಗೆ ತೋರಿಸಲೆಂದು ಅವಳು ಬರೆದ ಪ್ರೋಗ್ರಾಮ್ ಅವನ ಟರ್ಮಿನಲ್ಲಿನಲ್ಲಿ ಓಡುತ್ತಿತ್ತು. ಪರದೆಯ ಮೇಲೆ ಮೂಡಿದ ಒಂದು ಸಾಲನ್ನು ಕಾಪಿ ಮಾಡಲು ಹೋದ. ಬೆರಳುಗಳು ಹಳೇ ಚಾಳಿಯಂತೆ ಕಂಟ್ರೋಲ್ ಮತ್ತು ಸಿ ಒತ್ತಿದವು. ಟರ್ಮಿನಲ್ಲಿನಲ್ಲಿ ಅದಕ್ಕೆ ಅರ್ಥವೇ ಬೇರೆ: ಓಡುತ್ತಿರುವುದನ್ನು ನಿಲ್ಲಿಸು. ಪ್ರೋಗ್ರಾಮ್ ಗಕ್ಕನೆ ನಿಂತಿತು.

"ಏನಮ್ಮಾ, ನಿನ್ನ ಪ್ರೋಗ್ರಾಮು ಇವತ್ತೇ ಕೈಕೊಡಬೇಕಿತ್ತಾ?" ಎಂದು ಮ್ಯಾನೇಜರ್ ಎಲ್ಲರೆದುರು ಅವಳನ್ನು ತರಾಟೆಗೆ ತೆಗೆದುಕೊಂಡರು. "ನಾನೇ ನಿಲ್ಲಿಸಿದ್ದು" ಎಂಬ ಎರಡೇ ಮಾತಿಗೆ ಅವನ ನಾಲಿಗೆ ಹೊರಳಲಿಲ್ಲ. ಅವಳು ಕೀಬೋರ್ಡಿನ ಮೇಲಿದ್ದ ಅವನ ಬೆರಳುಗಳನ್ನೊಮ್ಮೆ ನೋಡಿ, ಮ್ಯಾನೇಜರಿಗೆ "ಸಾರಿ ಸರ್" ಎಂದಳು.

ಎಲ್ಲರೂ ಹೋದ ಮೇಲೂ ಅವನು ತಗ್ಗಿಸಿದ ತಲೆ ಎತ್ತಲಿಲ್ಲ. ಅವಳು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು, ಅಂದು ಅವನು ಬೇಡವೆಂದಿದ್ದ ಎಡಿಟರನ್ನೇ ಹಾಕಿಕೊಟ್ಟಳು.

"ಸರ್, ಇದರಲ್ಲಿ ಕಾಪಿ ಮಾಡಿದ್ರೆ ಕಾಪೀನೇ ಆಗುತ್ತೆ."