ಒಕ್ಟಾವ್ ಭಾವನ ಮೂರು ನಿಮಿಷ

ನಮ್ಮ ಗಲಾಟ್ಸಿ ಊರಿನ ಟ್ರಾಮ್ ಡಿಪೋದ ಕ್ಯಾಂಟೀನಿನಲ್ಲಿ ಕೂತು ನಾನು ಭಾವನಿಗೆ ಕಾಯುತ್ತಿದ್ದೆ. ಬ್ಯಾಗಿನಲ್ಲಿ ಅವನು ಸಹಿ ಹಾಕಬೇಕಾದ ಪತ್ರವಿತ್ತು. ಹೇಳಬೇಕಾದ ಸುಳ್ಳನ್ನು ದಾರಿಯಲ್ಲೇ ಎರಡು ಸಲ ಬಾಯಲ್ಲಿ ಆಡಿಸಿ ನೋಡಿದ್ದೆ, ಪರವಾಗಿಲ್ಲ ಅನ್ನುವ ಹಾಗಿತ್ತು. ಅಕ್ಕ ಸಾಂಡಾಳನ್ನು ಮದುವೆಯಾಗುವ ಮೊದಲೇ ಒಕ್ಟಾವ್ ನನ್ನ ಜೊತೆಗಾರ. ಹಾಗಾಗಿ ಭಾವ ಅಂದರೂ ನಮ್ಮಲ್ಲಿ ಏಕವಚನವೇ.

ಇಪ್ಪತ್ತೆರಡು ವರ್ಷದ ಹಿಂದೆ ನಾವಿಬ್ಬರೂ ‘ಡೊಕ್ ಟ್ರೇಯ್’, ಅಂದರೆ ಮೂರನೇ ಧಕ್ಕೆ, ಅಂತ ಹೆಸರಿಟ್ಟುಕೊಂಡು ಒಂದು ನೃತ್ಯದ ಹಾಡು ಬಿಟ್ಟೆವು, ‘ಸೋಮವಾರ ಬಾ’. ಆ ಬೇಸಿಗೆಯಲ್ಲಿ ಕಡಲ ದಂಡೆಯ ಕ್ಲಬ್ಬುಗಳಿಂದ ಹಿಡಿದು ನಮ್ಮ ಡ್ಯಾನ್ಯೂಬ್ ದಡದ ಐಸ್‌ಕ್ರೀಮ್ ಅಂಗಡಿಯವರೆಗೆ ಎಲ್ಲಿ ನೋಡಿದರೂ ಅದೇ. ಆಮೇಲೆ ಇನ್ನೂ ನಾಲ್ಕು ಹಾಡು ಮಾಡಿದೆವು. ನಾಯಿ ಕೂಡ ಮೂಸಿ ನೋಡಲಿಲ್ಲ. ಭಾವ ಟ್ರಾಮ್ ಓಡಿಸಲು ಸೇರಿಕೊಂಡ, ನಾನು ಶಾಲೆಯಲ್ಲಿ ಸಂಗೀತದ ಮೇಷ್ಟ್ರಾದೆ. ಮೂವತ್ತು ಮಕ್ಕಳು ಒಟ್ಟಿಗೆ ಪ್ಲಾಸ್ಟಿಕ್ ಕೊಳಲು ಊದುವುದನ್ನು ಇಪ್ಪತ್ತು ವರ್ಷ ಕೇಳಿದವನಿಗೆ ಸುಸ್ತು ಅಂದರೇನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಈಗ ಬುಕಾರೆಸ್ಟಿನ ಒಂದು ಕಂಪನಿಗೆ ಆ ಹಾಡು ಮತ್ತೆ ಬೇಕಂತೆ. ಆರು ನಿಮಿಷ ಕೇಳುವ ತಾಳ್ಮೆ ಈಗ ಯಾರಿಗೂ ಇಲ್ಲ, ಮೂರು ನಿಮಿಷದೊಳಗೆ ಮಾಡಿ ಕೊಡಿ, ಏನು ತೆಗೆಯುತ್ತೀರೋ ನಿಮ್ಮಿಷ್ಟ ಅಂತ ನನಗೆ ಬರೆದಿದ್ದರು. ಹಾಡಿನ ಮೊದಲ ಎರಡು ನಿಮಿಷ ಬರೀ ತಾಳ. ಹಿಂದಿನ ಹಾಡಿನ ಬಾಲಕ್ಕೆ ಇದರ ತಲೆಯನ್ನು ಜೋಡಿಸಲು ಡಿಜೆಗಳಿಗೆ ಅದು ಬೇಕಿತ್ತು. ನಡುವೆ ರಾಗ ನಿಂತು ಇನ್ನೊಂದು ನಿಮಿಷ ತಾಳವೇ ಬರುತ್ತದೆ. ಈ ಮೂರು ನಿಮಿಷವನ್ನು ಭಾವ ಡ್ರಮ್ ಯಂತ್ರದ ಗುಂಡಿಗಳ ಮೇಲೆ ಬೆರಳಲ್ಲೇ ಬಾರಿಸಿದ್ದ. ಉಳಿದದ್ದು ನನ್ನ ಕೀಬೋರ್ಡಿನ ರಾಗ. ಅದರ ಕೆಳಗೆ ಬಡಿಯುವುದು ಯಂತ್ರದ ಸಾದಾ ತಾಳ, ಅದನ್ನು ಯಾರು ಬೇಕಾದರೂ ಹಾಕಬಹುದು.

ಎರಡೂ ಕಡೆಯಿಂದ ಸ್ವಲ್ಪ ಸ್ವಲ್ಪ ತೆಗೆಯಬಹುದಿತ್ತು. ನಾನು ಭಾವನ ಮೂರು ನಿಮಿಷವನ್ನೂ ಕತ್ತರಿಸಿ ಬಿಸಾಡಿದೆ, ನನ್ನ ಒಂದು ಸ್ವರವನ್ನೂ ಮುಟ್ಟಲಿಲ್ಲ. ತಪ್ಪು ಅಂತ ಗೊತ್ತಿತ್ತು. ಇನ್ನೊಂದು ಸಲ ಜನ ನನ್ನ ರಾಗ ಕೇಳಲಿ ಅನ್ನುವ ಆಸೆ ದೊಡ್ಡದಾಗಿತ್ತು, ಅಷ್ಟೇ. ಭಾವನ ಸಹಿ ಇಲ್ಲದೆ ಹಾಡು ಹೊರಬರುವಂತಿರಲಿಲ್ಲ. ಕೇಳಿದರೆ ಕಂಪನಿಯವರು ಕತ್ತರಿಸಿದರು ಅಂದರಾಯಿತು ಅಂದುಕೊಂಡು ಬಂದಿದ್ದೆ.

ಭಾವ ಎರಡು ಬಟ್ಟಲು ಚೋರ್ಬಾ ಅನ್ನುವ ಹುಳಿ ಸಾರು, ಬ್ರೆಡ್ಡು, ಹಸಿಮೆಣಸು ಹಿಡಿದುಕೊಂಡು ಬಂದು ಎದುರಿಗೆ ಕೂತ. ಬೆಳಗಿನ ನಾಲ್ಕಕ್ಕೆ ಎದ್ದವನ ಕಣ್ಣು ಒಳಗೆ ಹೋಗಿತ್ತು.

“ಏನೋ ರೆಲು, ಮುಖ ಯಾಕೆ ಹಂಗೆ ಇಟ್ಕೊಂಡಿದ್ದೀಯ? ನಿಮ್ಮಕ್ಕ ಬೈದಳಾ?”

“ನಿನ್ನ ಬೈದು ಮಿಕ್ಕಿದ್ರೆ ತಾನೆ ಭಾವ, ನನಗೆ ಬರೋದು.”

“ಅದೂ ನಿಜವೇ. ಎಲ್ಲಿ ಹಾಕ್ಬೇಕು ಸಹಿ, ತೋರಿಸು. ಕಾಲು ಗಂಟೇಲಿ ಗಾಡಿ ತೆಗೀಬೇಕು.” ಜೇಬಿನಿಂದ ಪೆನ್ನು ತೆಗೆದ. “ಡಿಪೋದಲ್ಲಿ ಎಲ್ರಿಗೂ ಹೇಳ್ಬಿಟ್ಟಿದ್ದೀನಿ. ಹಾಡು ಶುರುವಾಗೋದೇ ನನ್ನಿಂದ ಕಣ್ರೋ, ಬಾಯ್ಮುಚ್ಕೊಂಡು ಕೇಳಿ ಅಂತ.”

ಹಾಡನ್ನು ಕೇಳದೆಯೇ ಸಹಿ ಹಾಕಲು ಹೊರಟಿದ್ದ. ಸುಮ್ಮನಿದ್ದಿದ್ದರೆ ಕೆಲಸ ಆಗಿಹೋಗುತ್ತಿತ್ತು. ಆದರೆ ರೇಡಿಯೋ ಮುಂದೆ ಹತ್ತು ಜನ ಡ್ರೈವರುಗಳನ್ನು ಕೂರಿಸಿಕೊಂಡು ಇವನು ಕಾಯುವುದು ಕಣ್ಣಿಗೆ ಕಟ್ಟಿತು. ಪತ್ರವನ್ನು ತೆಗೆದು ನನ್ನ ಮುಂದಿಟ್ಟುಕೊಂಡು, ಫೋನಿನ ಇಯರ್‌ಫೋನನ್ನು ಅವನತ್ತ ಚಾಚಿದೆ.

“ಮೊದಲು ಕೇಳು ಭಾವ,” ಅಂದೆ.

ಇಯರ್‌ಫೋನ್ ಸಿಕ್ಕಿಸಿಕೊಂಡ. ಬಾರಿಸುವವನ ಹಾಗೆ ಎರಡು ಬೆರಳನ್ನು ಮೇಜಿನ ಅಂಚಿಗಿಟ್ಟ. ಹಾಡು ನೇರವಾಗಿ ನನ್ನ ರಾಗದಿಂದಲೇ ಶುರುವಾಗುತ್ತಿತ್ತು. ಅವನ ಬೆರಳು ಇಟ್ಟಲ್ಲೇ ಇತ್ತು. ಮುಗಿಯುವವರೆಗೂ ಬಟ್ಟಲನ್ನೇ ನೋಡುತ್ತಿದ್ದ.

“ಪೂರ್ತಿ ಇಷ್ಟೇನಾ?”

“ಇಷ್ಟೇ.”

“ಯಾರು ಕತ್ತರಿಸಿದ್ದು?”

“ಕಂಪನಿಯವರು. ನಾನೂ ಜಗಳ ಆಡಿದೆ ಭಾವ. ಕೇಳಲಿಲ್ಲ.”

ಜಗಳದ ಮಾತನ್ನು ನಾನು ಯೋಚಿಸಿಕೊಂಡು ಬಂದಿರಲಿಲ್ಲ. ಅದು ತಾನಾಗಿಯೇ ಬಂತು, ಥೂ ನನ್ನ ಬಾಯಿಗೆ.

ಭಾವ ಫೋನನ್ನು ತನ್ನ ಕಡೆ ಎಳೆದುಕೊಂಡು ಹಾಡಿನ ಮಧ್ಯಭಾಗವನ್ನು ಇನ್ನೊಮ್ಮೆ ಕೇಳಿದ. ಮತ್ತೊಮ್ಮೆ ಕೇಳಿದ. ಇಯರ್‌ಫೋನ್ ತೆಗೆದು ಸುತ್ತಿಟ್ಟ.

“ನಡುವೆ ನನ್ನದು ಮುಗಿಯೋ ಕಡೆ, ಕೊನೇ ಪೆಟ್ಟು ಒಂಚೂರು ತಡ ಬೀಳುತ್ತೆ,” ಅಂದ. “ಅವತ್ತು ಕೈ ಸೋತಿತ್ತು. ನಿನ್ನ ರಾಗಾನೂ ಅದನ್ನ ಕಾದು ತಡವಾಗೇ ಶುರುವಾಗುತ್ತೆ. ಹೊರಗಿನವನು ಕಂಪ್ಯೂಟರಿನಲ್ಲಿ ತಾಳದ ಗೆರೆ ನೋಡಿ ಕತ್ತರಿಸ್ತಾನೆ. ಹಂಗೆ ಕತ್ತರಿಸಿದ್ರೆ ಹಾಡು ಅಲ್ಲಿ ಎಡವಬೇಕು.” ಬ್ರೆಡ್ಡು ಮುರಿದ. “ಎಡವಲಿಲ್ಲ. ಕೂದಲೆಳೆಯಷ್ಟೂ ಎಡವಲಿಲ್ಲ. ಆ ಜಾಗ ಗೊತ್ತಿರೋರು ಈ ಭೂಮಿ ಮೇಲೆ ಇಬ್ರೇ ಕಣೋ. ನಾನಂತೂ ಕತ್ತರಿಸಿಲ್ಲ.”

ನನಗೆ ತಲೆ ಎತ್ತಲಾಗಲಿಲ್ಲ. ಪಕ್ಕದ ಮೇಜಿನಲ್ಲಿ ಯಾರೋ ಕೆಮ್ಮುತ್ತಿದ್ದರು. ತಣ್ಣಗಾದ ಚೋರ್ಬಾವನ್ನು ಚಮಚದಲ್ಲಿ ಕಲಕುತ್ತಾ ಕೂತೆ.

“ಕೇಳಿದ್ದಿದ್ರೆ ಕೊಡ್ತಿದ್ದೆ,” ಅಂದ ಭಾವ. ದನಿ ಏರಿರಲಿಲ್ಲ. “ಮೂರು ನಿಮಿಷ ತಾನೆ. ಕೊಡ್ತಿದ್ದೆ.”

ಪತ್ರವನ್ನು ಎಳೆದುಕೊಂಡು, ಕೈ ಒರೆಸಿಕೊಂಡು, ನಿಧಾನವಾಗಿ ಸಹಿ ಹಾಕಿದ. ನನ್ನ ಕಡೆ ತಳ್ಳಿದ.

“ಇದನ್ನ ಕಳಿಸಲ್ಲ ಭಾವ. ನಾನು ಮತ್ತೆ ಮಾಡ್ತೀನಿ. ನಿನ್ನದು ಸೇರಿಸಿ ಮಾಡ್ತೀನಿ.”

“ಬೇಡ ಬಿಡೋ. ಇಬ್ರಿಗೂ ಸಾಕಾಗಿದೆ. ಒಬ್ಬಂದಾದ್ರೂ ಪೂರ್ತಿ ಬರಲಿ.” ಟೋಪಿ ಹಾಕಿಕೊಂಡು ಎದ್ದ. ಹೊರಗೆ ಅವನ ಗಾಡಿ ಬಂದು ನಿಂತಿತ್ತು. ಎರಡು ಹೆಜ್ಜೆ ಹೋದವನು ಹಿಂದಿರುಗಿ ಬಂದು, ಯಾರಿಗೂ ಕೇಳಿಸದ ಹಾಗೆ ಬಗ್ಗಿದ.

“ಡಿಪೋದಲ್ಲಿ ಕೇಳಿದ್ರೆ ಕಂಪನಿಯವರು ಕತ್ತರಿಸಿದ್ರು ಅಂತೀನಿ. ನಿಮ್ಮಕ್ಕನಿಗೂ ಅದನ್ನೇ ಹೇಳೋಣ. ಅವಳಿಗೆ ನೀನಂದ್ರೆ ಪ್ರಾಣ.”