ಇಸ್ತ್ರಿ ಹಾಕಿದ ಬಡತನ

"ಬಡವರ ಬಟ್ಟೆಗೆ ಇಷ್ಟು ನೆಟ್ಟಗೆ ಗೆರೆ ಇರುತ್ತೇನೇ? ಯಾರ ಕಿವಿಗೆ ಹೂ ಇಡೋಕೆ ಬಂದಿದೀಯ?"

ನೆರವು ಕೇಂದ್ರದ ಸಾಹೇಬರು ಪೆನ್ನಿನ ತುದಿಯಿಂದ ಇಸ್ತ್ರಿಯಕ್ಕನ ತೋಳು ತೋರಿಸಿ ಕೇಳಿದರು. ಹಿಂದೆ ಸಾಲಿನಲ್ಲಿ ನಿಂತವರು ಕಿಸಕ್ಕೆಂದರು. ನಗದಿದ್ದರೆ ತಮ್ಮ ಸರದಿ ಬಂದಾಗ ಸಾಹೇಬರು ಎಲ್ಲಿ ಮುಖ ಗಂಟು ಹಾಕಿಕೊಳ್ಳುತ್ತಾರೋ ಎಂಬ ಭಯ ಅವರಿಗೆ.

"ಇಸ್ತ್ರಿ ಮಾಡೋದೇ ನನ್ನ ಕಸುಬು ಸ್ವಾಮಿ. ನಾನೇ ಸುಕ್ಕು ಬಟ್ಟೇಲಿ ನಿಂತ್ರೆ ಯಾವ ಗಿರಾಕಿ ನಂಬಿ ಬಟ್ಟೆ ಕೊಡ್ತಾನೆ? ನಿಮ್ಮ ಮೈಮೇಲಿರೋ ಗೆರೇನೂ ನಂದೇ ಅಲ್ವಾ?"

ಈ ಸಲ ಸಾಲು ನಿಜವಾಗಿಯೇ ನಕ್ಕಿತು. ಸಾಹೇಬರು ತಮಗೆ ಗೊತ್ತಿಲ್ಲದಂತೆ ತಮ್ಮ ತೋಳನ್ನೊಮ್ಮೆ ನೋಡಿಕೊಂಡರು. ಬಾಗಿಲ ಬಳಿ ನಿಂತಿದ್ದ ಜವಾನ ಮಾತ್ರ, "ಏಯ್, ಸಾಹೇಬ್ರ ಹತ್ರ ಎದುರು ಮಾತಾಡ್ಬೇಡ!" ಎಂದು ಗದರಿದ. ಗದರುವುದು ಅವನ ಕೆಲಸ. ಸಂಬಳ ಕಡಿಮೆಯಾದರೂ ಅದರಲ್ಲಿ ಅವನು ಎಂದೂ ಕಡಿಮೆ ಮಾಡಿದವನಲ್ಲ.

ಬೆಲೆಗಳಿಗೆ ಕಾಲು ಮೂಡಿ ಓಡತೊಡಗಿ ತುಂಬ ದಿನವಾಗಿತ್ತು. ಎಣ್ಣೆ ಹಿಡಿಯೋಣ ಎಂದರೆ ಅಕ್ಕಿ ಓಡುತ್ತಿತ್ತು, ಅಕ್ಕಿ ಹಿಡಿದರೆ ಬಾಡಿಗೆ. ಎಲ್ಲಕ್ಕಿಂತ ಜೋರಾಗಿ ಓಡಿದ್ದು ಕರೆಂಟು. ಹೊಗೆ ಬರುತ್ತದೆಂದು ಮನೆಯೊಡೆಯ ಇದ್ದಿಲಿನ ಇಸ್ತ್ರಿ ಪೆಟ್ಟಿಗೆಯನ್ನು ಬಿಡಿಸಿದ್ದ. ಹಾಗಾಗಿ ಇಸ್ತ್ರಿಯಕ್ಕನ ಅನ್ನ ಬೇಯುವುದೇ ಕರೆಂಟಿನ ಮೇಲೆ. ಬಡ ಸಂಸಾರಗಳ ಕರೆಂಟು ಬಿಲ್ಲಿಗೆ, ಒಲೆಯ ಖರ್ಚಿಗೆ ಬಡಾವಣೆಯಲ್ಲೇ ನೆರವು ಸಿಗುತ್ತದೆಂದು ಮೈಕಿನಲ್ಲಿ ಕೂಗಿಕೊಂಡು ಹೋಗಿದ್ದರು. ಅದನ್ನು ನಂಬಿ ಬಂದಿದ್ದಳು.

"ನೆರವು ಅಂದ್ರೆ ಬರೀ ದುಡ್ಡಲ್ಲಮ್ಮ," ಎಂದರು ಸಾಹೇಬರು, ದನಿಯನ್ನು ಮೆತ್ತಗೆ ಮಾಡಿ. "ಮೊದ್ಲು ಉಳಿತಾಯ ಕಲೀರಿ. ಪಾತ್ರೆಗೆ ಮುಚ್ಚಳ ಮುಚ್ಚಿ ಬೇಯಿಸಿದ್ರೆ ಉರುವಲು ಉಳಿಯುತ್ತೆ. ಹಾಸಿಗೆ ಇದ್ದಷ್ಟು ಕಾಲು ಚಾಚ್ಬೇಕು."

"ಮುಚ್ಚಳ ಇದೆ ಸ್ವಾಮಿ. ಒಳಗೆ ಹಾಕೋಕೆ ಏನಾದ್ರೂ ಕೇಳೋಣ ಅಂತ ಬಂದೆ."

"ನೋಡು, ನಾಲಿಗೆ ಎಷ್ಟುದ್ದ! ಹೋಗು, ಬಡವಿ ಥರ ಬಾ. ಆಮೇಲೆ ನೋಡೋಣ."

ಮನೆಗೆ ಬಂದು ಹೇಳಿದಾಗ ಅತ್ತೆ ಮಂಚದ ಮೇಲೆ ಎದ್ದು ಕುಳಿತಳು. ಉಬ್ಬಸದ ಮುದುಕಿ. ಉಸಿರು ಗಿಡ್ಡ, ಬೈಗುಳ ಉದ್ದ.

"ಹಾಸಿಗೆ ಇದ್ದಷ್ಟು ಕಾಲು ಚಾಚ್ಬೇಕಂತಾ? ಆ ಮುಂಡೇಮಗನಿಗೆ ಹೇಳು, ಹಾಸಿಗೇನೇ ದಿನಾ ಗೇಣು ಗೇಣು ಕಿರಿದಾಗ್ತಿದೆ, ಕಾಲು ಕಡ್ಕೊಳ್ಳೋದಾ ಅಂತ!" ಒಂದಿಷ್ಟು ಉಸಿರೆಳೆದುಕೊಂಡು, "ಬಡವಿ ಥರ ಬಾ ಅಂದ್ನಾ? ಸರಿ. ಬಿಚ್ಚು ಬಟ್ಟೆ. ನಾನು ಮಾಡ್ತೀನಿ ಬಡವೀನ," ಎಂದಳು.

ಸೊಸೆಯ ಬಟ್ಟೆಗೆ ನೀರು ಚಿಮುಕಿಸಿ, ಉಂಡೆ ಕಟ್ಟಿ, ಮುದುಕಿ ಅದರ ಮೇಲೆ ಕುಳಿತುಬಿಟ್ಟಳು. ಕೋಳಿ ಕಾವು ಕೂತಂತೆ ಕೂತು, ನಡುನಡುವೆ ಎತ್ತಿ ನೋಡಿ, "ಇನ್ನೂ ಸಾಲ್ದು," ಎಂದು ಮತ್ತೆ ಕೂರುತ್ತಿದ್ದಳು. ಗಂಡ ಮೂಟೆ ಹೊತ್ತು ಬಂದವನು ಬಾಗಿಲಲ್ಲೇ ನಿಂತು ನೋಡಿದ. ಅಕ್ಕಿ ಮಂಡಿಯಲ್ಲಿ ದಿನವಿಡೀ ಭಾರ ಹೊರುವವನು. ಮನೆಯಲ್ಲಿ ಮಾತಿನ ಭಾರವನ್ನು ಹೊರುವವನಲ್ಲ. "ಮರಿ ಆದ್ಮೇಲೆ ಹೇಳು," ಎಂದಷ್ಟೇ ಹೇಳಿ ಮುಖ ತೊಳೆಯಲು ಹೋದ.

ಮರುದಿನ ಆ ಬಟ್ಟೆ ತೊಟ್ಟು ಬೀದಿಗಿಳಿದಾಗ ಇಸ್ತ್ರಿಯಕ್ಕನಿಗೆ ನಗು ಬರಲಿಲ್ಲ. ಜನರೆಲ್ಲ ತನ್ನನ್ನೇ ನೋಡುತ್ತಿದ್ದಾರೆಂದು ಅನಿಸಿತು. ಹಸಿದು ನಡೆದದ್ದುಂಟು, ಜ್ವರದಲ್ಲಿ ನಡೆದದ್ದುಂಟು, ಸುಕ್ಕಾಗಿ ನಡೆದದ್ದಿಲ್ಲ. ಮೈಮೇಲೆ ಬಟ್ಟೆಯೇ ಇಲ್ಲದಂತೆ ಗೋಡೆಯ ಮಗ್ಗುಲಿಗೆ ಸರಿದು ಸರಿದು ನಡೆದಳು.

"ಹಾಂ, ಈಗ ನೋಡು, ಲಕ್ಷಣವಾಗಿದೀಯ!" ಸಾಹೇಬರಿಗೆ ಸಂತೋಷವಾಯಿತು. ಫೋನು ಎತ್ತಿ ಫೋಟೋ ಹಿಡಿದರು. "ಮುಖ ಇನ್ನೊಂಚೂರು ಇಳಿಸು. ಇನ್ನೂ. ಹಲ್ಲು ಕಾಣ್ಬಾರ್ದು. ಮೇಲಿನವರಿಗೆ ಕಳಿಸ್ಬೇಕು, ನೋಡಿದ್ರೆ ಕರುಳು ಚುರುಕ್ ಅನ್ಬೇಕು."

ಇಸ್ತ್ರಿಯಕ್ಕ ಮುಖ ಇಳಿಸಿದಳು. ಒಳಗೇ ಬೋಳೀಮಗನೇ ಎಂದುಕೊಂಡಳು. ಹಾಗೆಂದುಕೊಂಡಾಗ ಮುಖ ತಾನಾಗಿಯೇ ಸಾಹೇಬರಿಗೆ ಬೇಕಾದ ಹದಕ್ಕೆ ಬಂತು.

"ಭೇಷ್. ಮನೆ ನೋಡೋಕೆ ಬರ್ತೀವಿ. ಅಲ್ಲೂ ಹಿಂಗೇ ಇರ್ಬೇಕು."

ಸಾಹೇಬರು ಬಂದರು. ಹಿಂದೆ ಜವಾನ ಕೊಡೆ ಹಿಡಿದು ಬಂದ. ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳ ಸಾಲು ಅದು; ಒಬ್ಬರು ಸೀನಿದರೆ ಮೂರನೆಯವರು ಹರಸುತ್ತಿದ್ದರು. ಎಲ್ಲರೂ ಬಾಗಿಲಿಗೆ ಬಂದರು. ಎಲ್ಲರ ಬಟ್ಟೆಯೂ ಸುಕ್ಕಾಗಿತ್ತು. ಆ ಗುಟ್ಟನ್ನು ಅತ್ತೆ ಸಾಲಿಗೆಲ್ಲ ಹಂಚಿದ್ದಳು.

ಒಳಗೆ ಕಾಲಿಟ್ಟ ಕೂಡಲೇ ಸಾಹೇಬರು ತಲೆಯೆತ್ತಿದರು. "ಫ್ಯಾನು."

"ಅತ್ತೆಗೆ ಉಬ್ಬಸ ಸ್ವಾಮಿ. ಗಾಳಿ ಇಲ್ದಿದ್ರೆ ಉಸಿರು ಸಿಕ್ಕಿಹಾಕ್ಕೊಳ್ಳುತ್ತೆ."

"ಫ್ಯಾನು ಇದೆ ಅಂತ ಬರ್ಕೋ," ಎಂದರು ಜವಾನನಿಗೆ. ಮೂಲೆಗೆ ತಿರುಗಿ ಕಣ್ಣರಳಿಸಿದರು. "ಅಯ್ಯೋ ನಿನ್ನ, ಫ್ರಿಜ್ಜು!"

ಯಾರೋ ಗುಜರಿಗೆ ಹಾಕಿದ್ದನ್ನು ಗಂಡ ಬೆನ್ನ ಮೇಲೆ ಹೊತ್ತು ತಂದಿದ್ದ. ಅದಕ್ಕೆ ವಯರೂ ಇರಲಿಲ್ಲ. ಇಸ್ತ್ರಿಯಕ್ಕ ಬಾಗಿಲು ತೆಗೆದು ತೋರಿಸಿದಳು. ಮೇಲಿನಿಂದ ಕೆಳಗಿನ ತನಕ ಇಸ್ತ್ರಿಯಾದ ಗಿರಾಕಿಗಳ ಬಟ್ಟೆ. "ಇಲಿ ಕಾಟಕ್ಕೆ ಇದ್ರಲ್ಲಿ ಇಡ್ತೀನಿ. ಇದು ಬೀರು ಸ್ವಾಮಿ."

"ಫ್ರಿಜ್ಜು ಫ್ರಿಜ್ಜೇ. ಒಳಗೆ ಏನಿಟ್ಕೊಂಡಿದೀಯ ಅನ್ನೋದು ನಿನ್ನ ರುಚಿ."

ಪಕ್ಕದ ಮನೆಯ ಹೊಲಿಗೆಯವನ ಹತ್ತಿರ ಮಿಷನ್ನು ಇತ್ತು, ಅವನು ಉದ್ಯಮಿಯಾದ. ಅದರಾಚೆಯ ತರಕಾರಿಯವಳು ಗಾಡಿ ತಳ್ಳುತ್ತಿದ್ದಳು. ಚಕ್ರ ಎಣಿಸಿದ ಸಾಹೇಬರು ಅವಳನ್ನು ನಾಲ್ಕು ಚಕ್ರದ ವಾಹನದ ಮಾಲೀಕಳು ಎಂದು ಬರೆಸಿದರು. ತರಕಾರಿಯವಳು ಎದೆ ಮುಟ್ಟಿಕೊಂಡು, "ನಮ್ಮಪ್ಪ ಬದುಕಿದ್ದಿದ್ರೆ ಎಷ್ಟು ಖುಷಿ ಪಡ್ತಿದ್ನೋ!" ಎಂದಳು.

"ನಿಮಗಿಂತ ಬಡವರು ಇದ್ದಾರಮ್ಮ," ಎಂದರು ಸಾಹೇಬರು ಹೊರಡುತ್ತಾ. "ಅವರಿಗೆ ಮೊದ್ಲು ಕೊಡ್ಬೇಕು."

ಮಂಚದಿಂದ ಅತ್ತೆಯ ದನಿ ಬಂತು. "ಹಂಗಿದ್ರೆ ಸ್ಮಶಾನದಲ್ಲಿ ಹಂಚು ಹೋಗಪ್ಪ. ಅಲ್ಲಿ ಯಾರ ಮನೇಲೂ ಫ್ಯಾನಿಲ್ಲ."

ಸಾಹೇಬರಿಗೆ ಕೇಳಿಸಲಿಲ್ಲ. ಕೇಳಿಸಿದ್ದು ಜವಾನನಿಗೆ. ಅವನು ಕೊಡೆಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡ.

ಆ ವಾರವೇ, ಬಿಲ್ಲು ಕಟ್ಟಿಲ್ಲವೆಂದು, ಕರೆಂಟಿನವನು ಬಂದು ಏಣಿ ಹಾಕಿ ವಯರು ಕತ್ತರಿಸಿದ. ಬೈದರೆ ಬೈಸಿಕೊಂಡ. "ನಾನೇನ್ಮಾಡ್ಲಿ ಅಕ್ಕಾ, ಕತ್ತರಿಸ್ದಿದ್ರೆ ನನ್ನನ್ನ ಕತ್ತರಿಸ್ತಾರೆ," ಎಂದು ಏಣಿ ಹೆಗಲಿಗೇರಿಸಿ ನಡೆದ.

ತಲೆಯ ಮೇಲೆ ಫ್ಯಾನು ತಿರುಗಿ ತಿರುಗಿ ನಿಂತಿತು. ಬಿಸಿಲು ತಗಡಿನ ಸೂರಿನ ಮೇಲೆ ಕಾಯುತ್ತಿತ್ತು. ಅತ್ತೆ ಬಾಯಿ ತೆರೆದು ಉಸಿರೆಳೆದಳು. ಬೈಯಲೂ ಉಸಿರು ಸಾಲಲಿಲ್ಲ. ಅವಳು ಬೈಯದಿದ್ದದ್ದನ್ನು ಕೇಳಿ ಇಸ್ತ್ರಿಯಕ್ಕ ಮಂಚದ ಬಳಿಗೆ ಓಡಿದಳು. ರಟ್ಟು ಹಿಡಿದು ಗಾಳಿ ಬೀಸಿದಳು. ಕಣ್ಣೆದುರಿಗೆ ಲಾಡ್ಜಿನವರ ಹಾಸು ಹೊದಿಕೆಯ ಗುಡ್ಡೆ ಬಿದ್ದಿತ್ತು. ಸಂಜೆಗೆ ಕೊಡದಿದ್ದರೆ ಅವರು ಬೇರೆಯವರನ್ನು ನೋಡಿಕೊಳ್ಳುತ್ತಾರೆ. ಅವರು ಬಿಟ್ಟರೆ ಮನೆಯಲ್ಲಿ ಒಲೆಗೂ ಬೆಂಕಿಗೂ ನಂಟು ಬಿಟ್ಟಂತೆಯೇ.

ಬಹಳ ಹೊತ್ತು ಬೀಸಿದಳು. ಅತ್ತೆಯ ಉಸಿರು ಒಂದು ದಾರಿಗೆ ಬಂತು. ಇಸ್ತ್ರಿಯಕ್ಕ ರಟ್ಟು ಕೆಳಗಿಟ್ಟು, ಸುಕ್ಕು ಬಟ್ಟೆ ಬಿಚ್ಚಿ ಮೂಲೆಗೆಸೆದು, ಫ್ರಿಜ್ಜಿನ ತಳದಿಂದ ತನ್ನ ಗೆರೆಯ ಬಟ್ಟೆ ತೆಗೆದು ಉಟ್ಟಳು.

"ಎಲ್ಲಿಗೆ?" ಎಂದ, ಮಂಡಿಯಿಂದ ಊಟಕ್ಕೆ ಬಂದಿದ್ದ ಗಂಡ.

"ನೆರವು ಕೇಂದ್ರಕ್ಕೆ. ಅಲ್ಲಿ ಕರೆಂಟಿದೆ."

ಗಂಡ ಅವಳ ಮುಖ ನೋಡಿದ, ಬಟ್ಟೆಯ ಗುಡ್ಡೆ ನೋಡಿದ, ತಾಯಿಯನ್ನು ನೋಡಿದ. ತರಕಾರಿಯವಳ ಗಾಡಿ ಕೇಳಲು ಹೋದ.

ಗಾಡಿಯ ಮೇಲೆ ಮೊದಲು ಇಸ್ತ್ರಿ ಮೇಜು, ಬಟ್ಟೆಯ ಗುಡ್ಡೆ, ಪೆಟ್ಟಿಗೆ ಏರಿದವು. "ಫ್ರಿಜ್ಜೂ ಹಾಕು," ಎಂದಳು ಅತ್ತೆ. "ಇದು ಇದ್ದದ್ದಕ್ಕೆ ತಾನೇ ಅವನು ಸಾಹುಕಾರ್ತಿ ಅಂದಿದ್ದು? ಅವನ ಮನೇಲೇ ಇರ್ಲಿ. ನನ್ನನ್ನೂ ಎತ್ಕೊಳ್ಳಿ." ಹೊಲಿಗೆಯವನು ತನ್ನ ಮಿಷನ್ನು ಹೆಗಲಿಗೆ ಹಾಕಿಕೊಂಡ. ನೋಡನೋಡುತ್ತಿದ್ದಂತೆ ಸಾಲಿನ ಮನೆಗಳಿಂದ ಫ್ಯಾನು, ಕುರ್ಚಿ, ಕರೆಂಟಿನ ಒಲೆ, ಕುಕ್ಕರು, ಕಾಲು ಮುರಿದ ಟೀವಿ, ಸಾಹೇಬರು ಬಡವರಿಗೆ ಸಲ್ಲದೆಂದು ಬರೆಸಿಕೊಂಡದ್ದೆಲ್ಲ ಬೀದಿಗೆ ಬಂತು.

ನಾಲ್ಕು ಜನ ಮಂಚ ಹೊತ್ತರು. ಅತ್ತೆ ಅದರ ಮೇಲೆ ಅಂಗಾತ ಮಲಗಿದ್ದಳು. ಮುಖ್ಯ ಬೀದಿಗೆ ತಿರುಗಿದಾಗ ಅಂಗಡಿಯವರು ಎದ್ದು ನಿಂತರು. ಒಬ್ಬ ದಾರಿಹೋಕ ಟೋಪಿ ತೆಗೆದು, "ಅಯ್ಯೋ ಪಾಪ, ಯಾವಾಗ ಹೋದ್ರು?" ಎಂದು ಕೇಳಿದ.

ಮುದುಕಿ ತಟಕ್ಕನೆ ತಲೆಯೆತ್ತಿದಳು. "ಹೋಗಿಲ್ಲಪ್ಪ, ಈಗ ಹೋಗ್ತಿದೀನಿ. ನೀನೂ ಒಂದು ಕಾಲು ಹಿಡ್ಕೋ ಬಾ."

ಅವನು ಬೆಚ್ಚಿಬಿದ್ದರೂ ಮಂಚದ ಕಾಲು ಹಿಡಿದುಕೊಂಡೇ ಬಂದ.

ಕೇಂದ್ರದ ಬಾಗಿಲಲ್ಲಿ ಜವಾನ ಕೈ ಅಡ್ಡ ಚಾಚಿದ. "ಸಾಲು! ಸಾಲಾಗಿ ಬನ್ನಿ!"

"ಸಾಲಾಗೇ ಬರ್ತಿದೀವಲ್ಲೋ, ನಮ್ಮ ಮನೆಗಳೇ ಸಾಲು," ಎಂದಳು ತರಕಾರಿಯವಳು. ಗಾಡಿ ಅವನ ಹೊಟ್ಟೆಗೆ ಮೆಲ್ಲಗೆ ತಾಗಿತು. ಅವನು ಬದಿಗೆ ಸರಿದ.

ಫ್ರಿಜ್ಜು ಸಾಹೇಬರ ಮೇಜಿನ ಮಗ್ಗುಲಲ್ಲಿ ಕುಳಿತಿತು. ಮಂಚ ಅವರ ಫ್ಯಾನಿನ ನೇರ ಕೆಳಗೆ. ಮುದುಕಿ ಕಣ್ಣು ಮುಚ್ಚಿ, ಎದೆ ತುಂಬ ಗಾಳಿ ಎಳೆದುಕೊಂಡು, "ಅಬ್ಬ, ಸರ್ಕಾರದ ಗಾಳಿ," ಎಂದಳು. ಕುರ್ಚಿಗಳು ಬಂದವು, ಕುಕ್ಕರುಗಳು ಬಂದವು. ಗೋಡೆಯಲ್ಲಿ ಎಲ್ಲೆಲ್ಲಿ ಪ್ಲಗ್ಗಿನ ತೂತಿತ್ತೋ ಅಲ್ಲೆಲ್ಲ ಒಂದೊಂದು ಸಂಸಾರ ಬಿಡಾರ ಹೂಡಿತು. ಇಸ್ತ್ರಿಯಕ್ಕ ತನ್ನ ಪೆಟ್ಟಿಗೆಯ ವಯರನ್ನು ಸಾಹೇಬರ ಮೇಜಿನ ಹಿಂದಿನ ಪ್ಲಗ್ಗಿಗೆ ಚುಚ್ಚಿದಳು. ಚುಚ್ಚಲು ಜಾಗ ಬೇಕಿತ್ತು. ಅಲ್ಲಿದ್ದ ಸಾಹೇಬರ ಫೋನಿನ ಚಾರ್ಜರು ಕಿತ್ತು ಅವರ ಕೈಗೇ ಕೊಟ್ಟಳು.

"ಏನೇ ಇದು? ಏನಿದೆಲ್ಲ? ಇದು ಆಫೀಸು!"

"ಬಡವಿ ಥರ ಬಾ ಅಂದ್ರಿ, ಬಂದೆ. ಮುಖ ಇಳಿಸು ಅಂದ್ರಿ, ಇಳಿಸ್ದೆ. ಇವೆಲ್ಲ ಇರೋದ್ರಿಂದ ನಾವು ಬಡವರಲ್ಲ ಅಂದ್ರಲ್ಲ, ತಗೊಳ್ಳಿ, ಇಲ್ಲೇ ಇಟ್ಕೊಳ್ಳಿ. ಈಗ ನಮ್ಮ ಮನೇಲಿ ಗೋಡೆ ಬಿಟ್ರೆ ಏನಿಲ್ಲ. ಬೇಕಾದ್ರೆ ಹೋಗಿ ನೋಡ್ಕೊಂಡು ಬನ್ನಿ. ಕೊಡೆ ತಗೊಂಡ್ಹೋಗಿ, ಬಿಸಿಲಿದೆ."

"ಲೇ ಜವಾನ! ಆಚೆ ಹಾಕೋ ಇವರ ಸಾಮಾನೆಲ್ಲ!"

ಜವಾನ ಬಾಗಿಲಲ್ಲಿ ಇರಲಿಲ್ಲ. ಸಾಹೇಬರು ಮತ್ತೆ ಕೂಗಿದರು. ಯಾರೂ ಬರಲಿಲ್ಲ. ಇಸ್ತ್ರಿಯಕ್ಕ ಮೇಜು ಹಾಕಿ, ಲಾಡ್ಜಿನ ಮೊದಲ ಹೊದಿಕೆಯನ್ನು ಕೊಡವಿ ಹರಡಿದಳು. ಅರ್ಧ ಗುಡ್ಡೆ ಕರಗುವಷ್ಟರಲ್ಲಿ ಬಾಗಿಲು ದೂಡಿಕೊಂಡು ಜವಾನ ಬಂದ. ಕಂಕುಳಲ್ಲಿ ಒಂದು ಟೇಬಲ್ ಫ್ಯಾನು, ತಲೆಯ ಮೇಲೆ ಒಂದು ಟೀಪಾಯಿ. ಹಿಂದೆ ಹೆಂಡತಿ, ಕೈಯಲ್ಲಿ ಮಿಕ್ಸಿ.

ಸಾಹೇಬರ ಬಾಯಿ ತೆರೆದೇ ಇತ್ತು.

"ನಾನೂ ಅರ್ಜಿ ಹಾಕಿದ್ದೆ ಸಾರ್," ಎಂದ ಜವಾನ, ನೆಲ ನೋಡುತ್ತಾ. ಗದರಿ ಗದರಿ ಒರಟಾಗಿದ್ದ ದನಿ ಈಗ ಮಗುವಿನದರ ಹಾಗಿತ್ತು. "ನೀವೇ ತಳ್ಳಿ ಹಾಕಿದ್ರಿ. ಫ್ಯಾನು ಇದೆ ಅಂತ. ಬರ್ಕೊಂಡಿದ್ದೂ ನಾನೇ." ಹಾಗೆಂದು ಟೀಪಾಯಿ ಇಳಿಸಲು ಜಾಗ ಹುಡುಕಿದ. ಹೊಲಿಗೆಯವನು ಮಿಷನ್ನು ಸರಿಸಿ ಜಾಗ ಮಾಡಿಕೊಟ್ಟ.

ಸಾಹೇಬರು ಪೊಲೀಸರಿಗೆ ಫೋನು ಮಾಡಿದರು. ದನಿ ಸಣ್ಣದಾಗಿತ್ತು, ಅರ್ಧ ಮಾತು ಕುಕ್ಕರಿನ ಸೀಟಿಯಲ್ಲಿ ಮುಳುಗಿತು. "ಹೌದು, ಮಂಚ... ಮಂಚ ಸಾರ್... ಇಲ್ಲ, ಬದುಕಿದಾಳೆ!"

ಸಂಜೆಯ ಹೊತ್ತಿಗೆ ಲಾಡ್ಜಿನ ಬಟ್ಟೆ ಮುಗಿಯುತ್ತ ಬಂದಿತ್ತು. ಗಂಡ ಮಡಿಚಿಟ್ಟದ್ದನ್ನೆಲ್ಲ ಗಾಡಿಗೆ ಪೇರಿಸುತ್ತಿದ್ದ. ಆಗ ಹೊರಗೆ ಜೀಪು ನಿಂತ ಸದ್ದಾಯಿತು. ಕುಕ್ಕರುಗಳ ಬಳಿ ನಗುತ್ತಿದ್ದವರು ಬಾಗಿಲತ್ತ ತಿರುಗಿದರು. ತರಕಾರಿಯವಳು ಗಾಡಿಯ ಹಿಡಿಕೆ ಬಿಗಿಯಾಗಿ ಹಿಡಿದಳು. ಮೊದಲು ಒಬ್ಬ ಪೇದೆ ಒಳಗೆ ಬಂದ. ಬೆಳಗಿನಿಂದ ಎಲ್ಲೋ ಬಿಸಿಲಲ್ಲಿ ನಿಂತು ಬಂದವನು. ಬೆವರಿಗೆ ಅಂಗಿ ಬೆನ್ನಿಗಂಟಿತ್ತು, ಕಾಲರು ಮುದುರಿ ನಾಯಿಯ ಕಿವಿಯಂತೆ ಬಿದ್ದಿತ್ತು. ಕೈಯಲ್ಲಿ ಲಾಠಿ. ಹೊರಗೆ ಇನ್ನೂ ಬೂಟುಗಳು ಇಳಿಯುತ್ತಿದ್ದವು.

"ಯಾರು ಇದಕ್ಕೆಲ್ಲ ಯಜಮಾನಿ?" ಎಂದ.

ಸಾಹೇಬರು ಮೇಜಿನ ಹಿಂದಿನಿಂದ ಬೆರಳು ಚಾಚಿದರು. ಗಂಡ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು ಹೆಂಡತಿಯ ಪಕ್ಕಕ್ಕೆ ಬಂದು ನಿಂತ.

ಇಸ್ತ್ರಿಯಕ್ಕ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು. ಪೇದೆಯನ್ನು ತಲೆಯಿಂದ ಕಾಲಿನ ತನಕ ಒಮ್ಮೆ ನೋಡಿದಳು. ಮೇಜಿನ ಮೇಲಿದ್ದ ಕೊನೆಯ ಹೊದಿಕೆಯನ್ನು ಪಕ್ಕಕ್ಕೆ ಸರಿಸಿ, ಜಾಗವನ್ನು ಅಂಗೈಯಿಂದ ಸವರಿ, ನೀರು ಚಿಮುಕಿಸಿದಳು.

"ಅಂಗಿ ಬಿಚ್ತೀಯೋ, ಲಾಠಿ ಎತ್ತೀಯೋ, ಬೇಗ ಹೇಳಪ್ಪ," ಎಂದಳು. "ಪೆಟ್ಟಿಗೆ ಕಾದಿದೆ."