ಸಮುದ್ರದ ಮಷಿನ್ನು, ಸಿದ್ದೀಕಾಳ ಸೋಡಾ

ವಿನೋಬನಗರದ ಸಿದ್ದೀಕಾಳ ಗೋಲಿ ಸೋಡಾದಲ್ಲಿ ಆ ವಾರ ಅರ್ಧ ಗ್ಯಾಸೂ ಇರಲಿಲ್ಲ. ಸಿಲಿಂಡರ್ ಮುಗಿಯುತ್ತ ಬಂದಿತ್ತು, ಹೊಸದು ಬಂದಿರಲಿಲ್ಲ, ಇದ್ದುದರಲ್ಲೇ ಆಕೆ ಎಳೆದಾಡಿ ತುಂಬುತ್ತಿದ್ದಳು. ಇದು ಗೊತ್ತಿದ್ದುದು ಆಕೆಯೊಬ್ಬಳಿಗೆ. ಪತ್ತೆ ಹಚ್ಚಿದವನು ಮದುವೆ ಅಡುಗೆಯ ಬಕ್ಕೇಶ್. ಅವನ ನಾಲಿಗೆಯ ಮೇಲೆ ಇಡೀ ದಾವಣಗೆರೆಗೆ ನಂಬಿಕೆಯಿತ್ತು.

"ಯಾಕ ಸಿದ್ದೀಕಾ, ಇದು ಬರೇ ನೀರೈತಲ್ಲ," ಎಂದ, ಗಿರಾಕಿಗಳ ಎದುರಿಗೇ.

"ಗ್ಯಾಸ್ ಭರ್ತಿ ಐತ್ರಿ ಬಕ್ಕೇಶಣ್ಣ." ಸುಳ್ಳು ಹೇಳುವಾಗ ಸಿದ್ದೀಕಾಳಿಗೆ ವಿನಯ ಸ್ವಲ್ಪ ಜಾಸ್ತಿಯೇ ಬರುತ್ತಿತ್ತು.

ಅಷ್ಟರಲ್ಲಿ ವಾಣಿ ಬಂದಳು. ಪಕ್ಕದ ಬೀದಿಯ ಹುಡುಗಿ, ಗೋವಾದಲ್ಲಿ ಸಮುದ್ರದ ಸಂಶೋಧನೆ ಮಾಡುವವಳು. ಸಮುದ್ರ ಎಷ್ಟು ಇಂಗಾಲದ ಡೈಆಕ್ಸೈಡ್ ಕುಡಿದಿದೆ ಎಂದು ನೀರೊಳಗಿಳಿದು ಅಳೆಯುವ ಸೆನ್ಸರಿಗೆ ಹರಿಹರದಲ್ಲಿ ಉಕ್ಕಿನ ಕವಚ ಮಾಡಿಸಿಕೊಂಡು ಬಂದಿದ್ದಳು. ಹಡಗು ಹತ್ತಿಸುವ ಮೊದಲು ಅದಕ್ಕೆ ಜೀವ ಇದೆಯೋ ಇಲ್ಲವೋ ನೋಡಬೇಕಿತ್ತು.

"ಸೋಡಾದಾಗೂ ಅದೇ ಗ್ಯಾಸ್ ಇರೋದು. ಒಂದು ಜಗ್ ಕೊಡ್ರಿ ಅಕ್ಕಾ."

ಸಿದ್ದೀಕಾ ಜಗ್ ಕೈಗೆತ್ತಿಕೊಂಡಳು. ಒಲ್ಲೆ ಎಂದರೂ ಸಿಕ್ಕಿಬಿದ್ದಂತೆ, ಹೂಂ ಎಂದರೂ ಸಿಕ್ಕಿಬಿದ್ದಂತೆ. ಅಲ್ಲಾನನ್ನು ನೆನೆದು ಸುರಿದಳು.

ಸೆನ್ಸರ್ ಮುಳುಗಿತು. ಅದಕ್ಕೆ ಜೋಡಿಸಿದ್ದ ಡಬ್ಬಿಯ ಮುಳ್ಳು ಸರ್ರನೆ ಓಡಿ ತುದಿಗೆ ಬಡಿದು ನಿಂತಿತು.

"ಇದು ಸಮುದ್ರದ ಅಳತೀಗೆ ಮಾಡಿದ್ದು," ಎಂದಳು ವಾಣಿ. "ಅಲ್ಲಿರೋ ಗ್ಯಾಸ್ ಚೂರೇ ಚೂರು. ಆ ಚೂರು ವರ್ಷಾ ವರ್ಷಾ ಏರ್ತೈತಲ್ಲ, ಅದನ್ನ ಹಿಡಿಯಾಕೆ ಇದು. ಎಂಥಾ ಸಪ್ಪೆ ಸೋಡಾ ಇಟ್ರೂ ಮುಳ್ಳು ಹಿಂಗೇ ಓಡ್ತೈತೆ."

ಯಾರೂ ಕೇಳಿಸಿಕೊಳ್ಳಲಿಲ್ಲ. ಗ್ಯಾಸ್ ಭರ್ತಿ ಎಂದು ಮಷಿನ್ನೇ ಹೇಳಿದ ಮೇಲೆ ಮುಗಿಯಿತು. ನಾಲಿಗೆಯನ್ನು ಡಾಕ್ಟರಿಗೆ ತೋರಿಸುವಂತೆ ಗಿರಾಕಿಗಳು ಬಕ್ಕೇಶನಿಗೆ ಬುದ್ಧಿ ಹೇಳಿದರು. ಅವನು ಇನ್ನೊಂದು ಗುಟುಕು ಕುಡಿದು, ಗ್ಲಾಸು ಇಟ್ಟು ಹೋದ. ಸಂಜೆಯೊಳಗೆ ಸೋಡಾ ಖಾಲಿ.

ಮುಂದಿನ ವಾರ ಹೊಸ ಸಿಲಿಂಡರ್ ಬಂತು, ಹಿಂದೆಯೇ ಸುದ್ದಿಯೂ ಬಂತು. ಹರಿಹರದ ಮದುವೆಯಲ್ಲಿ ಬಕ್ಕೇಶ್ ಸಾರಿನ ಸೌಟನ್ನು ಪಾತ್ರೆ ತೊಳೆಯುವವರ ಕೈಗೆ ಕೊಟ್ಟು, ಉಪ್ಪು ಸರಿಯಿದೆಯಾ ಎಂದು ಕೇಳಿದನಂತೆ. ಮುಂದಿನ ಮದುವೆಯ ಅಡುಗೆಯನ್ನು ಒಪ್ಪಿಕೊಂಡಿಲ್ಲವಂತೆ. ಸಿದ್ದೀಕಾ ಆ ರಾತ್ರಿ ಅನ್ನದ ತಟ್ಟೆ ಸರಿಸಿ ಎದ್ದಳು.

ಮರುದಿನ ಅವನು ಅಂಗಡಿ ಮುಂದೆ ಹಾಯುವಾಗ ಕೂಗಿ ಕರೆದಳು. ಗಿರಾಕಿಗಳು ತುಂಬಿದ್ದರು. ಅವರೆದುರಿಗೇ ಹೇಳಬೇಕಿತ್ತು.

"ಬಕ್ಕೇಶಣ್ಣ, ಮಷಿನ್ ಸರಿ ಐತ್ರಿ. ನಿಮ್ಮ ನಾಲಿಗೀನೂ ಸರಿ ಐತ್ರಿ. ನನ್ನ ಸೋಡಾನೇ ಸರಿ ಇರ್ಲಿಲ್ಲ."

ಗಿರಾಕಿಗಳು ಬಕ್ಕೇಶನತ್ತ ತಿರುಗಿದರು. ಸಿದ್ದೀಕಾ ಗೋಲಿ ಒತ್ತಿ, ನಿಂಬೆಹಣ್ಣು ಹಿಂಡಿ, ಗ್ಲಾಸು ಕೊಟ್ಟಳು. ಬಕ್ಕೇಶ್ ಕಣ್ಣು ಮುಚ್ಚಿ ಕುಡಿದ.

"ಗ್ಯಾಸ್ ಐತೆ," ಎಂದ. "ಉಪ್ಪು ಹಾಕಿಲ್ಲ."

ಸಿದ್ದೀಕಾ ಉಪ್ಪಿನ ಡಬ್ಬಿಯತ್ತ ನೋಡಿದಳು. ಅದರ ಮುಚ್ಚಳ ತೆಗೆದೇ ಇರಲಿಲ್ಲ.